ಹಸೆಗೋಡೆಯಿಂದ ಶಾಲೆಯ ಜಗಲಿಗೆ

ಸಾಗರದಿಂದ ಹೆಗ್ಗೋಡಿನ ಕಡೆಗೆ ಹೋಗುವಾಗ ಸಿಗುವ ಊರುಗಳು ಒಂದೇ ಕಡೆ ಒತ್ತಾಗಿ ಕಟ್ಟಿಕೊಂಡವಲ್ಲ. ಅಡಿಕೆ ತೋಟದ ತಲೆಗೊಂದು ಮನೆ, ಗದ್ದೆಯಂಚಿಗೊಂದು ಕೇರಿ, ಗುಡ್ಡ ಹತ್ತಿ ಇಳಿದರೆ ಇನ್ನೆರಡು ಮನೆ. ನನ್ನ ಬಾಲ್ಯದಲ್ಲಿ, ಎಂದರೆ 1970ರ ದಶಕದಲ್ಲಿ, ಆಷಾಢದ ಮಳೆ ಹಿಡಿಯಿತೆಂದರೆ ಆಚೆ ಕೇರಿಯ ಬಾಣಂತಿಯ ಸುದ್ದಿ ಈಚೆ ಕೇರಿಗೆ ಮುಟ್ಟುವಷ್ಟರಲ್ಲಿ ಮಗುವಿಗೆ ಹೆಸರಿಟ್ಟಾಗಿರುತ್ತಿತ್ತು. ಇಂಥ ಸೀಮೆಯಲ್ಲಿ ಜನ ಒಂದೆಡೆ ಸೇರಲು ಏನಾದರೂ ಕಾರಣ ಬೇಕು. ಮದುವೆ, ತಿಥಿ, ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಜಾತ್ರೆ, ಗದ್ದೆ ಕೊಯ್ಲು ಮುಗಿದ ಮೇಲಿನ ಬಯಲಾಟ, ಕೊನೆಕೊಯ್ಲಿನ ಕಾಲದ ಅಡಿಕೆ ಸುಲಿತ. ಇಷ್ಟೂ ಕಡೆ ಯಾರು ಎಲ್ಲಿ ಕೂರಬೇಕು ಎಂಬುದು ಮೊದಲೇ ತೀರ್ಮಾನವಾಗಿರುತ್ತಿತ್ತು. ಜಗಲಿಯ ಮೇಲೆ ಕೂರುವವರು ಬೇರೆ, ಅಂಗಳದಲ್ಲಿ ಕೂರುವವರು ಬೇರೆ, ಹಿತ್ತಿಲ ಬಾಗಿಲಲ್ಲಿ ನಿಲ್ಲುವವರು ಬೇರೆ.

1951ರ ಕಾಗೋಡು ಸತ್ಯಾಗ್ರಹ ನಮ್ಮ ತಾಲ್ಲೂಕಿನದೇ. ಗೇಣಿ ಭತ್ತ ಅಳೆಯುವ ಕೊಳಗದ ತಕರಾರಿನಿಂದ ಎದ್ದ ಆ ಹೋರಾಟದಲ್ಲಿ ಗೇಣಿ ಮಾಡುತ್ತಿದ್ದ ದೀವರು ಮುಂದೆ ನಿಂತಿದ್ದರು. 1974ರ ಭೂಸುಧಾರಣೆ ಕಾನೂನು ಬಂದ ಮೇಲೆ ಉಳುವವರ ಹೆಸರಿಗೆ ಗದ್ದೆಗಳಾದವು. ಆದರೆ ಪಹಣಿಯಲ್ಲಿ ಹೆಸರು ಬದಲಾದಷ್ಟು ಬೇಗ ಜಗಲಿಯ ಮೇಲಿನ ಜಾಗಗಳು ಬದಲಾಗಲಿಲ್ಲ. ನಾನು ಜಗಲಿಯ ಮೇಲಿನವರ ಮನೆಯ ಹುಡುಗಿ. ಆ ಜಾಗಗಳು ಒಂದೊಂದಾಗಿ ಕದಲಿದ್ದನ್ನು ಕಣ್ಣಾರೆ ಕಂಡೆ. ಕದಲಿಸಿದ ಕೈಗಳು ಹಲವು. ನಾಟಕದ ತಾಲೀಮು, ಸಿನಿಮಾ ತೋರಿಸಿದ ರಾತ್ರಿಗಳು, ಮಕ್ಕಳ ಬೇಸಿಗೆ ಶಿಬಿರ, ಬಣ್ಣದ ಹಂಡೆಯ ಸುತ್ತ ನಡೆದ ಕಮ್ಮಟ, ಇವುಗಳಿಗೆ ಅದರಲ್ಲಿ ದೊಡ್ಡ ಪಾಲಿದೆ. ಹಳ್ಳಿಗಳಲ್ಲಿ ಕಲಾ ಶಿಬಿರ ಮಾಡಿ ಏನು ಪ್ರಯೋಜನ ಎಂದು ಕೇಳುವವರು ಈಗಲೂ ಇದ್ದಾರೆ. ಅವರಿಗಾಗಿ ನಾನು ಕಂಡದ್ದನ್ನು ಬರೆದಿಡುತ್ತಿದ್ದೇನೆ.

ಹೆಗ್ಗೋಡಿನಲ್ಲಿ ನೀನಾಸಂ ಹುಟ್ಟಿದ್ದು 1949ರಲ್ಲಿ. ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಎಂಬುದು ಪೂರ್ತಿ ಹೆಸರು. ತೋಟ ಗದ್ದೆ ಮಾಡುವ ಜನ ದೇವರ ಹೆಸರಿಟ್ಟು, ಕೆಲಸ ಮುಗಿದ ಮೇಲೆ ನಾಟಕ ಆಡಲೆಂದು ಕಟ್ಟಿಕೊಂಡ ಸಂಘ ಅದು. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರೂ ಅಡಿಕೆ ತೋಟದವರೇ. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ದೂರದವರಿಗೆ ಹೆಗ್ಗೋಡಿನ ಹೆಸರು ಗೊತ್ತಾಯಿತು. ನಮಗೆ ಅದು ಅದಕ್ಕೂ ಬಹಳ ಮೊದಲಿನಿಂದ, ಸಂಜೆ ಕೊಟ್ಟಿಗೆ ಕೆಲಸ ಮುಗಿಸಿ ಬ್ಯಾಟರಿ ಹಿಡಿದು ನಡೆದು ಹೋಗುವ ಜಾಗವಾಗಿತ್ತು.

1973ರಲ್ಲಿ ಅಲ್ಲಿ ಚಿತ್ರಸಮಾಜ ಶುರುವಾಯಿತು. ಪುಣೆಯ ಫಿಲ್ಮ್ ಆರ್ಕೈವ್‌ನಿಂದ ಸಿನಿಮಾ ಡಬ್ಬಿಗಳು ಬರುತ್ತಿದ್ದವು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳುತ್ತಿದ್ದ ಸತೀಶ್ ಬಹಾದ್ದೂರ್ ಅವರು ನಮ್ಮೂರಿನ ಕಡೆಯ ಜನರಿಗೆ ಸಿನಿಮಾ ನೋಡುವುದನ್ನು ಕಲಿಸಲು ಬಂದರು. ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ', ಕುರೊಸಾವಾ ಅವರ 'ರಾಶೋಮನ್', ಡಿ ಸಿಕಾ ಅವರ 'ಬೈಸಿಕಲ್ ಥೀವ್ಸ್' ಇವನ್ನೆಲ್ಲ ನಾನು ಮೊದಲು ನೋಡಿದ್ದು ಅಲ್ಲಿ, ಪಕ್ಕದಲ್ಲಿ ಕವಳ ಹಾಕಿಕೊಂಡು ಕೂತ ದೊಡ್ಡವರ ನಡುವೆ. ಭಾಷೆ ಬಂಗಾಳಿಯೋ ಜಪಾನಿಯೋ ಇಟಾಲಿಯನ್ನೋ. ಕತೆಯನ್ನು ಯಾರಾದರೂ ಕನ್ನಡದಲ್ಲಿ ಹೇಳಿಬಿಡುತ್ತಿದ್ದರು. ಅಷ್ಟಾದರೆ ಸಾಕಿತ್ತು.

ಸಿನಿಮಾಕ್ಕಿಂತ ಹೆಚ್ಚು ನೆನಪಿರುವುದು ಅದರ ಮರುದಿನ. ಕೊನೆಕೊಯ್ಲಿನ ಕಾಲ. ನಮ್ಮ ಅಂಗಳದಲ್ಲಿ ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಹೆಂಗಸರು ಅಡಿಕೆ ಸುಲಿಯುತ್ತಿದ್ದರು. ಸುಲಿದ ಅಡಿಕೆಗೆ ಡಬ್ಬಿಯ ಲೆಕ್ಕದಲ್ಲಿ ಕೂಲಿ. ಕೆರೆಮೇಲಿನ ಮನೆಯ ಅಕ್ಕ ಆ ಸಾಲಿನಲ್ಲಿ ಎಲ್ಲರಿಗಿಂತ ಚುರುಕು. ಹಿಂದಿನ ರಾತ್ರಿ ಅವರೂ 'ಬೈಸಿಕಲ್ ಥೀವ್ಸ್' ನೋಡಿದ್ದರು. ಸುಲಿಯುತ್ತಲೇ ಮಾತು ಶುರುವಾಯಿತು. ಅಪ್ಪ ಕದ್ದದ್ದು ತಪ್ಪೋ ಅಲ್ಲವೋ? ಒಬ್ಬರು ತಪ್ಪೆಂದರು. ಇನ್ನೊಬ್ಬರು ಹಸಿವಿನ ಮಾತೆತ್ತಿದರು. ಅಕ್ಕ ಕೈ ನಿಲ್ಲಿಸದೆ ಹೇಳಿದರು: "ಕದ್ದಿದ್ದು ಬಿಡಿ. ಮಗ ಕಂಡ್ನಲ್ಲ, ಅದು ದೊಡ್ಡದು. ಅಷ್ಟು ಕಂಡ ಮೇಲೂ ಹುಡುಗ ಅಪ್ಪನ ಕೈ ಹಿಡ್ಕಂಡ." ಜಗಲಿಯ ಮೇಲೆ ಈಸಿಚೇರಿನಲ್ಲಿದ್ದ ನನ್ನ ಅಜ್ಜ ಪತ್ರಿಕೆ ಕೆಳಗಿಟ್ಟು, "ಸರಿ ನೋಡಿದ್ದಿ ನೀನು" ಎಂದರು. ಅಲ್ಲಿಯವರೆಗೆ ಅಜ್ಜ ಅಂಗಳದವರ ಜೊತೆ ಆಡುತ್ತಿದ್ದುದು ಕೆಲಸದ ಮಾತು, ಕೂಲಿಯ ಮಾತು, ಮಳೆಯ ಮಾತು. ಒಂದು ಕತೆಯ ಬಗ್ಗೆ ಜಗಲಿ ಮತ್ತು ಅಂಗಳದ ನಡುವೆ ಮಾತಾದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಒಟ್ಟಿಗೆ ಕೂತು ಒಂದೇ ಪರದೆ ನೋಡಿದವರಿಗೆ ಮಾತಾಡಲು ಒಂದು ಸಮನೆಲ ಸಿಕ್ಕಿತ್ತು.

1980ರಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರ ತೆರೆಯಿತು, 1985ರಲ್ಲಿ ಊರೂರು ಸುತ್ತಿ ನಾಟಕ ಆಡುವ ಅದರ ತಂಡ 'ತಿರುಗಾಟ' ಹೊರಟಿತು. ಆ ವರ್ಷಗಳಲ್ಲಿ ಕಲಿತು ಬಂದ ಹುಡುಗರು ಸುತ್ತಲ ಹಳ್ಳಿಗಳಿಗೆ ಹೋಗಿ ನಾಟಕ ಶಿಬಿರ ನಡೆಸುವುದು ರೂಢಿಯಾಯಿತು. ನಮ್ಮೂರಿಗೂ ಒಬ್ಬರು ಬಂದು ಒಂದು ಮನೆಯ ಉಪ್ಪರಿಗೆಯಲ್ಲಿ ಉಳಿದುಕೊಂಡರು. ಹಗಲು ಎಲ್ಲರಿಗೂ ತೋಟ, ಗದ್ದೆ. ಸಂಜೆ ಶಾಲೆಯಲ್ಲಿ ತಾಲೀಮು. ಅವರು ಪಾತ್ರ ಹಂಚಿದ ರೀತಿ ಊರಿಗೆ ಹೊಸದು. ದನಿ ಕೇಳಿ ಹಂಚಿದರು. ಸಾಹುಕಾರರ ಮಗನಿಗೆ ಸೇವಕನ ಪಾತ್ರ, ಅವರ ತೋಟದ ಕೊನೆಗಾರನಿಗೆ ರಾಜನ ಪಾತ್ರ ಬಂತು. ಕೊನೆ ಕೊಯ್ಯಲು ಒಂದು ಮರದಿಂದ ಇನ್ನೊಂದು ಮರಕ್ಕೆ ಜೀಕುವ ಆತನ ಮೈಗೆ ರಂಗದ ಮೇಲಿನ ನಡಿಗೆ ಹೇಳಿಕೊಡುವುದೇ ಬೇಡವಾಗಿತ್ತು. ಕಿರೀಟ, ಭುಜಕೀರ್ತಿ ಮಾಡಲು ಸಾಗರದ ಗುಡಿಗಾರರೊಬ್ಬರು ಬಂದರು. ಬೆಂಡಿನಿಂದ ಮದುವೆಯ ಬಾಸಿಂಗ ಕೆತ್ತುವ ಅದೇ ಕೈ ಬೆಂಡಿನಲ್ಲೇ ರಾಜನ ಕಿರೀಟ ಮಾಡಿತು. ಅವರ ಸುತ್ತ ಕೂತು ಹುಡುಗರು ಉಳಿ ಹಿಡಿಯುವುದನ್ನು ಕಲಿತರು. ನಾಟಕದ ದಿನ ನಮ್ಮ ಮನೆಯ ಹೆಂಗಸರೂ ಮುಂದಿನ ಚಾಪೆಯಲ್ಲಿ ಕೂತರು, ಕೊನೆಗಾರನ ತಾಯಿಯೂ ಅದೇ ಚಾಪೆಯಲ್ಲಿ ಕೂತರು. ರಾಜನ ತಾಯಿಯನ್ನು ಹಿಂದೆ ಕೂರು ಎನ್ನಲು ಯಾರಿಗೆ ಬಾಯಿ ಬರುತ್ತದೆ?

ನಾಟಕ ಮುಗಿದ ಮೇಲೆ ರಾಜ ಮತ್ತೆ ಕೊನೆಗಾರನಾದ, ನಿಜ. ಒಂದು ರಾತ್ರಿಯ ಆಟದಿಂದ ಊರಿನ ಕೂಲಿ ಏರಲಿಲ್ಲ. ಆದರೆ ಆತನನ್ನು ಊರು ಕರೆಯುವ ದನಿ ಬದಲಾಯಿತು. ಅದು ಸಣ್ಣ ಸಂಗತಿಯೆಂದು ನನಗೆ ಯಾವತ್ತೂ ಅನ್ನಿಸಿಲ್ಲ.

ಮುಂದೆ ನಾನು ಶಾಲೆಯಲ್ಲಿ ಪಾಠ ಹೇಳುವವಳಾದೆ. ಏಪ್ರಿಲ್ ಕೊನೆಗೆ, ಮೇ ತಿಂಗಳ ಮೊದಲಿಗೆ ಮಕ್ಕಳಿಗೆ ಬೇಸಿಗೆ ಶಿಬಿರ ಮಾಡುವ ಅಭ್ಯಾಸ ನಮ್ಮ ಕಡೆ ಬೆಳೆದಿತ್ತು. ಹಾಡು, ಕುಣಿತ, ಮುಖವಾಡ, ಮಣ್ಣಿನ ಗೊಂಬೆ, ಸಣ್ಣ ನಾಟಕ. ಒಂದು ವರ್ಷ ಚಿತ್ರ ಕಲಿಸಲು ಪೇಟೆಯಿಂದ ಯಾರನ್ನು ಕರೆಸುವುದೆಂಬ ಮಾತು ಬಂತು. ನನ್ನ ಕಣ್ಣೆದುರು ಬಂದವರು ಕೆರೆಮೇಲಿನ ಮನೆಯ ಅಕ್ಕ. ಅವರು ಹಸೆ ಬರೆಯುತ್ತಿದ್ದುದು ನನಗೆ ಗೊತ್ತಿತ್ತು.

ಹಸೆ ಚಿತ್ತಾರ ಸಾಗರ, ಸೊರಬ, ಸಿದ್ದಾಪುರ ಸೀಮೆಯ ದೀವರ ಹೆಂಗಸರ ಕಲೆ. ಮದುಮಕ್ಕಳು ಕೂರುವ ಹಸೆಯ ಹಿಂದಿನ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಎಳೆ ಎಳೆದು ಬರೆಯುತ್ತಾರೆ. ಬಣ್ಣ ನಾಲ್ಕೇ. ಕೆಂಪು ಕೆಮ್ಮಣ್ಣಿನದು. ಬಿಳಿ ನೆನೆಹಾಕಿ ಅರೆದ ಅಕ್ಕಿಯದು. ಕಪ್ಪು, ಕರಿಯಾಗುವವರೆಗೆ ಹುರಿದು ಅರೆದ ಅಕ್ಕಿಯದು. ಹಳದಿ ಗುರಗೆ ಕಾಯಿಯದು. ಕುಂಚವನ್ನು ಪುಂಡಿನಾರಿನಿಂದ ಕಟ್ಟುತ್ತಾರೆ. ಅಳತೆಗೋಲು ಇಲ್ಲ, ಸೀಸದ ಗೆರೆ ಇಲ್ಲ. ಮೊದಲು ಹೊರಗಿನ ಚೌಕಟ್ಟಿನ ಎಳೆಗಳು, ಆಮೇಲೆ ಒಳಗಿನ ಅಡ್ಡ ಎಳೆ, ಓರೆ ಎಳೆ, ಜೋಗಿ ಜಡೆ, ಎಳೆಗಳ ನಡುವೆ ಚುಕ್ಕಿ. ಮಧ್ಯದಲ್ಲಿ ಮದುಮಕ್ಕಳು, ದಂಡಿಗೆ, ತೇರು. ಬರೆಯುವಾಗ ಅದಕ್ಕೆಂದೇ ಇರುವ ಹಾಡು. ಒಬ್ಬರು ಹಾಡಿದರೆ ಇನ್ನೊಬ್ಬರ ಕೈ ಓಡುತ್ತದೆ. ಮದುವೆ ಮುಗಿದ ಮೇಲೆ ಹೊಗೆ ಹಿಡಿದು, ಮಳೆಗಾಲದ ತಂಪಿಗೆ ಉದುರಿ, ಮುಂದಿನ ಸುಣ್ಣ ಕೆಮ್ಮಣ್ಣಿನಲ್ಲಿ ಅದು ಮುಚ್ಚಿಹೋಗುತ್ತದೆ. ಬರೆದವರಿಗೆ ವೀಳ್ಯ, ಊಟ, ಒಂದು ಒಳ್ಳೆಯ ಮಾತು. ದುಡ್ಡಿನ ಮಾತು ಅಲ್ಲಿಲ್ಲ.

ನಾನು ಹೋಗಿ ಕೇಳಿದಾಗ ಅಕ್ಕ ಮೊದಲು ಒಪ್ಪಲಿಲ್ಲ. ಕಾರಣ ನಾನು ಅಂದುಕೊಂಡಿದ್ದ ಸಂಕೋಚವಲ್ಲ.

"ಯಾರ ಮದುವಿ?" ಎಂದು ಕೇಳಿದರು.

"ಮದುವೆ ಯಾರದ್ದೂ ಅಲ್ಲ ಅಕ್ಕಾ. ಮಕ್ಕಳಿಗೆ ಕಲಿಸೂದಕ್ಕೆ."

"ಮದುವಿ ಇಲ್ದೆ ಹಸೆ ಬರದ್ರೆ ಅದರ ಮುಂದೆ ಕೂರೂದು ಯಾರು? ಖಾಲಿ ಹಸೆ ಆಗ್ತದಲ್ಲ."

ಈ ಪ್ರಶ್ನೆಯನ್ನು ಅವರು ತಮ್ಮ ಕೇರಿಯ ಹಿರಿಯ ಹೆಂಗಸರ ಮುಂದಿಟ್ಟರು. ನಾನೂ ಹೋಗಿ ಅವರ ಮನೆಯ ಚಾಪೆಯ ಮೇಲೆ ಕೂತು ಕೇಳಿಸಿಕೊಂಡೆ. ತುಂಬ ಹೊತ್ತು ಮಾತಾಯಿತು. ಹಸೆ ಮಂಗಳದ್ದು, ಅದನ್ನು ಬರಿದೇ ಬರೆಯಬಾರದೆಂದು ಒಬ್ಬರು. ಈಗಿನ ಮನೆಗಳಿಗೆ ಸಿಮೆಂಟು ಗೋಡೆ ಬಂತು, ಮದುವೆ ಛತ್ರಕ್ಕೆ ಹೋಯಿತು, ನಮ್ಮ ಸೊಸೆಯರಿಗೇ ಬರೆಯಲು ಬಾರದು, ಹೀಗೇ ಬಿಟ್ಟರೆ ನಮ್ಮ ಕೈಗೆ ನಿಲ್ಲುತ್ತದೆ ಎಂದು ಇನ್ನೊಬ್ಬರು. ಕೊನೆಗೆ ಒಂದು ದಾರಿ ಕಂಡಿತು. ನಡುವಿನ ಮದುಮಕ್ಕಳನ್ನು ಬರೆಯುವುದು ಬೇಡ, ಆ ಜಾಗ ಮದುವೆಗೇ ಇರಲಿ. ಎಳೆ, ಜಡೆ, ತೇರು, ಭತ್ತದ ಸಸಿ ಕಲಿಸೋಣ. ಶುರು ಮಾಡುವ ಮೊದಲು ದೀಪ ಹಚ್ಚೋಣ.

ಒಂದು ಕಲೆಯನ್ನು ಎಲ್ಲಿಯವರೆಗೆ ಹೊರಗೆ ಕೊಡಬಹುದು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಆ ಕಲೆಯನ್ನು ಬಾಳಿದವರೇ ಕೂತು ತೀರ್ಮಾನಿಸಿದರು. ಆಮೇಲೆ ಎಷ್ಟೋ ಕಡೆ ಜನಪದ ಕಲೆಯ ಕಮ್ಮಟಗಳನ್ನು ನೋಡಿದ್ದೇನೆ. ಇಂಥದೊಂದು ಮಾತುಕತೆ ಮೊದಲೇ ನಡೆದ ಕಡೆ ಕಲಿಸುವವರ ಮುಖದಲ್ಲಿ ಒಂದು ಧೈರ್ಯ ಇರುತ್ತದೆ. ನಡೆಯದ ಕಡೆ ಅವರು ಪ್ರದರ್ಶನದ ವಸ್ತುವಾಗಿ ಮೂಲೆಯಲ್ಲಿ ಕೂತಿರುತ್ತಾರೆ.

ಶಿಬಿರದ ಸಮಿತಿಯಲ್ಲಿ ಗೌರವಧನದ ಪ್ರಶ್ನೆ ಬಂತು. ನಾಟಕದ ಮೇಷ್ಟರಿಗೆ ಇಷ್ಟು, ಹಾಡಿನ ಮೇಷ್ಟರಿಗೆ ಇಷ್ಟು ಎಂದು ಬರೆದಾಗಿತ್ತು. ಅಕ್ಕನಿಗೆ? "ದಿನದ ಕೂಲಿ ಕೊಟ್ಟರಾಯಿತು, ಮೇಲೊಂದು ಸೀರೆ" ಎಂದರು ಒಬ್ಬರು. ಹೇಳಿದವರಲ್ಲಿ ಕೆಟ್ಟತನವಿರಲಿಲ್ಲ. ಅವರು ಕಂಡ ಲೆಕ್ಕ ಅದೇ. ನಾನು ಮತ್ತು ಇನ್ನಿಬ್ಬರು ಶಿಕ್ಷಕರು ಒಪ್ಪಲಿಲ್ಲ. ನಾಟಕದ ಮೇಷ್ಟರು ಕಲಿತದ್ದು ಒಂದೆರಡು ವರ್ಷದ ಕೋರ್ಸಿನಲ್ಲಿ. ಅಕ್ಕ ಕಲಿತದ್ದು ತಾಯಿಯ ಪಕ್ಕ ಕೂತು, ಹತ್ತಾರು ಮದುವೆಗಳ ಗೋಡೆಯಲ್ಲಿ. ಇಬ್ಬರಿಗೂ ಒಂದೇ ಮೊತ್ತ ಎಂದು ಕೊನೆಗೆ ಬರೆಯಿಸಿದೆವು. ಈ ಮಾತನ್ನು ಮೊದಲು ಬೆಂಬಲಿಸಿದವರು ನಾಟಕದ ಮೇಷ್ಟರೇ ಎಂಬುದನ್ನು ಇಲ್ಲಿ ಸಂತೋಷದಿಂದ ಬರೆಯುತ್ತೇನೆ.

ಅಕ್ಕ ಬಂದ ಮೊದಲ ದಿನ ಮಕ್ಕಳ ಕೈಗೆ ಕುಂಚ ಕೊಡಲಿಲ್ಲ. ಎಲ್ಲರನ್ನೂ ಗುಡ್ಡದ ಧರೆಗೆ ಕರೆದುಕೊಂಡು ಹೋದರು. ಯಾವ ಕೆಮ್ಮಣ್ಣು ಜಿಗುಟು, ಯಾವುದು ಒಣಗಿದ ಮೇಲೆ ಉದುರುತ್ತದೆ ಎಂದು ಬೆರಳಲ್ಲಿ ಉಜ್ಜಿ ತೋರಿಸಿದರು. ತಂದ ಮಣ್ಣನ್ನು ಕುಟ್ಟಿ, ಜಾಲಿಸಿ, ನೀರಿನಲ್ಲಿ ಕಲಸಿ ಬಟ್ಟೆಯಲ್ಲಿ ಸೋಸಿದ್ದಾಯಿತು. ಆಮೇಲೆ ಅಕ್ಕಿ ಹುರಿಯುವ ಕೆಲಸ. ಕಂದು ಬಣ್ಣಕ್ಕೆ ಬಂದಾಗ ಮಕ್ಕಳು "ಸಾಕು" ಎಂದರು. "ಇನ್ನೂ ಬೇಕು, ಹೊಗೆ ನಿಲ್ಲೂವರಿಗೂ" ಎಂದರು ಅಕ್ಕ. ಪುಂಡಿನಾರನ್ನು ಜಜ್ಜಿ, ಹಿಂಜಿ, ಕಡ್ಡಿಗೆ ಕಟ್ಟಿದರು. ಬಣ್ಣದ ಪೆಟ್ಟಿಗೆ ಅಂಗಡಿಯಿಂದ ಬರುತ್ತದೆಂದು ಮಾತ್ರ ತಿಳಿದಿದ್ದ ಮಕ್ಕಳಿಗೆ ಬಣ್ಣ ಧರೆಯಲ್ಲಿದೆ, ಪಣತದಲ್ಲಿದೆ, ಕಾಯಿಯಲ್ಲಿದೆ ಎಂದು ಕೈಯಾರೆ ಗೊತ್ತಾಯಿತು. ಎಳೆ ಎಳೆಯುವ ದಿನ ಬಂದಾಗ ಅವರಿಗೆ ಆ ಬಣ್ಣದ ಮೇಲೆ ಒಂದು ಅಕ್ಕರೆ ಹುಟ್ಟಿಬಿಟ್ಟಿತ್ತು. ಹನಿಯನ್ನೂ ಚೆಲ್ಲುತ್ತಿರಲಿಲ್ಲ.

ಎಳೆ ಎಳೆಯುವುದನ್ನು ಕಲಿಸುವಾಗ ಅಕ್ಕನ ಪಾಠ ಎರಡೇ ಮಾತಿನದು. ಉಸಿರು ಬಿಗಿಹಿಡಿಯಬೇಡ. ಕೈ ನೋಡಬೇಡ, ಎಳೆ ಮುಟ್ಟುವ ಜಾಗ ನೋಡು. ಗಂಡುಮಕ್ಕಳು ಮೊದಲು ನಾಚಿದರು. ಹೆಂಗಸರ ಕೆಲಸ ಎಂದು ಒಬ್ಬ ಎದ್ದು ಹೋದ. ಮರುದಿನ ತಾನೇ ಬಂದು ಕೂತ. ಶಾಲೆಯ ಹೊರಗೋಡೆಯ ಒಂದು ಅಂಕಣವನ್ನು ಕೆಮ್ಮಣ್ಣಿನಲ್ಲಿ ಸಾರಿಸಿ ಅವರಿಗೆ ಬಿಟ್ಟುಕೊಟ್ಟಿದ್ದೆವು. ಅಕ್ಕ ಶಾಲೆಯ ಜಗಲಿಯ ಮೇಲೆ ಕೂತು ಹಾಡುತ್ತಿದ್ದರು. ಅವರ ಸುತ್ತ ಎಲ್ಲ ಕೇರಿಗಳ ಮಕ್ಕಳು. ಸಂಜೆ ಕರೆದೊಯ್ಯಲು ಬಂದ ತಂದೆತಾಯಂದಿರು ಅಂಗಳದಲ್ಲಿ ನಿಂತು ನೋಡುತ್ತಿದ್ದರು. ಅಕ್ಕ ಯಾರ ಮನೆಯ ಅಂಗಳದಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದರೋ ಅದೇ ಮನೆಯವರು ತಮ್ಮ ಮಗಳ ಎಳೆ ನೆಟ್ಟಗೆ ಬಂದಿದೆಯೇ ಎಂದು ಅವರನ್ನು ಕೇಳಿದರು. "ಬಂದದೆ, ಇನ್ನೂ ಸ್ವಲ್ಪ ಪಳಗಬೇಕು" ಎಂದು ಅಕ್ಕ ಕೂತಲ್ಲಿಂದಲೇ ಹೇಳಿದರು. ಕಲಿಸುವವರಿಗೆ ಸಲ್ಲುವ ಗೌರವವನ್ನು ಆ ಹೊತ್ತು ಯಾರೂ ಅಳೆದು ಕೊಡಲಿಲ್ಲ. ಅದು ತಾನಾಗಿ ಬಂತು.

ಆ ಶಿಬಿರದಿಂದ ನನಗೆ ಕಾಲದ ಪಾಠವೂ ಆಯಿತು. ಮೇ ತಿಂಗಳು ಗೋಡೆಯ ಚಿತ್ತಾರಕ್ಕೆ ಸರಿ, ಮಣ್ಣು ಬೇಗ ಒಣಗುತ್ತದೆ. ಬುಟ್ಟಿಯ ಚಿತ್ತಾರದ ಕಾಲ ಬೇರೆ. ಆಶ್ವೀಜದ ಹುಣ್ಣಿಮೆಗೆ ನಮ್ಮ ಕಡೆ ಭೂಮಿ ಹುಣ್ಣಿಮೆ. ಭತ್ತ ಹೊಡೆ ತುಂಬಿ ನಿಂತ ಹೊತ್ತು. ಬಸುರಿಗೆ ಬಯಕೆ ತೀರಿಸಿದಂತೆ ಗದ್ದೆಗೆ ಉಣ್ಣಿಸುವ ಹಬ್ಬ. ಆ ದಿನ ಅನ್ನ, ಸೊಪ್ಪು, ಕಡುಬು ಹೊತ್ತು ಗದ್ದೆಗೆ ಹೋಗುವ ಬುಟ್ಟಿಗೆ ಬೂಮಣ್ಣಿ ಬುಟ್ಟಿ ಎನ್ನುತ್ತಾರೆ. ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಬಿಳಿ ಎಳೆಯಲ್ಲಿ ಚಿತ್ತಾರ ಬರೆದು ಅದನ್ನು ಸಿದ್ಧ ಮಾಡುತ್ತಾರೆ. ಹಬ್ಬಕ್ಕೆ ವಾರ ಮೊದಲು ಅಕ್ಕನ ಮನೆಯಲ್ಲಿ ಮಕ್ಕಳು ಬುಟ್ಟಿ ಬರೆಯಲು ಸೇರುವುದು ಮುಂದಿನ ವರ್ಷಗಳಲ್ಲಿ ವಾಡಿಕೆಯಾಯಿತು. ಅಲ್ಲಿ ಬ್ಯಾನರಿಲ್ಲ, ಸ್ವಾಗತ ಭಾಷಣವಿಲ್ಲ. ಬರೆದ ಬುಟ್ಟಿ ಹುಣ್ಣಿಮೆಯ ನಸುಕಿನಲ್ಲಿ ಗದ್ದೆಗೆ ಹೋಗುತ್ತದೆ. ಕಲಿತದ್ದಕ್ಕೆ ಅದೇ ದಿನ ಉಪಯೋಗ. ಕಮ್ಮಟ ಎಂದರೆ ಹೀಗಿರಬೇಕೆಂದು ನನಗೆ ಅನ್ನಿಸಿದೆ.

ಅಕ್ಟೋಬರಿನಲ್ಲೇ ಹೆಗ್ಗೋಡಿನಲ್ಲಿ ನೀನಾಸಂ ಸಂಸ್ಕೃತಿ ಶಿಬಿರ ನಡೆಯುತ್ತಿತ್ತು. ನಾಡಿನ ಬೇರೆ ಬೇರೆ ಕಡೆಯ ಕಾಲೇಜು ಹುಡುಗರು, ಮೇಷ್ಟರು, ಓದುಗರು ಬಂದು ಉಳಿದು, ಹಗಲು ಮಾತು, ಚರ್ಚೆ, ಸಂಜೆ ನಾಟಕ ಎಂದು ದಿನ ಕಳೆಯುತ್ತಿದ್ದರು. ಯು.ಆರ್. ಅನಂತಮೂರ್ತಿಯವರು ಬಹಳ ವರ್ಷ ಆ ಮಾತುಕತೆಗಳ ನಡುವೆ ಇದ್ದರು. ಹಾಗೆ ಬಂದವರು ಬಿಡುವಿನಲ್ಲಿ ಸುತ್ತಲ ಊರು ನೋಡಲು ಹೊರಟು ಅಕ್ಕನ ಬುಟ್ಟಿ ಕಂಡು ಬೆಲೆ ಕೇಳತೊಡಗಿದರು. ಮಾರುವ ಮಾತು ಅಲ್ಲಿಂದ ಶುರು. ಗೋಡೆಯ ಎಳೆ ಕಾಗದಕ್ಕೆ ಬಂತು, ಬಟ್ಟೆಗೆ ಬಂತು. ಅಂಗಡಿಯ ಬಣ್ಣ ಬೇಗ ಒಣಗುತ್ತದೆ, ಮಾಸುವುದಿಲ್ಲ ಎಂದು ಕೆಲವರು ಅದನ್ನೇ ಹಿಡಿದರು. ನಾನು ಇದರ ಬಗ್ಗೆ ಬೇಸರಪಟ್ಟುಕೊಂಡಾಗ ಅಕ್ಕನ ಸೊಸೆ ಹೇಳಿದ ಮಾತು ಖಡಕ್ಕಾಗಿತ್ತು: "ಟೀಚರ್ರೇ, ಮಣ್ಣಿಂದ ಬರದ ಬುಟ್ಟಿಗೂ ಪೇಂಟಿನ ಬುಟ್ಟಿಗೂ ಒಂದೇ ರೇಟು ಕೇಳ್ತಾರೆ. ಮಣ್ಣಿನ ಕೆಲಸಕ್ಕೆ ಮೂರು ದಿನ ಹೆಚ್ಚು ಬೇಕು. ಆ ಮೂರು ದಿನದ್ದು ಯಾರು ಕೊಡ್ತಾರೆ?" ಕೊಳ್ಳುವವರಿಗೆ ಕೆಮ್ಮಣ್ಣಿನ ಬೆಲೆ ಹೇಳಿಕೊಡುವುದೂ ಶಿಬಿರದ ಕೆಲಸವೇ ಎಂದು ಆಗ ಗೊತ್ತಾಯಿತು. ಅಲ್ಲಿಂದ ಮುಂದೆ ಬಂದವರನ್ನು ಮೊದಲು ಧರೆಗೆ ಕರೆದುಕೊಂಡು ಹೋಗಿ, ಮಣ್ಣು ಸೋಸಿಸಿ, ಆಮೇಲೆ ಬುಟ್ಟಿ ತೋರಿಸುವ ಪದ್ಧತಿ ಮಾಡಿದೆವು. ಕೈ ಕೆಂಪು ಮಾಡಿಕೊಂಡವರು ಬೆಲೆಯಲ್ಲಿ ಚೌಕಾಸಿ ಮಾಡುವುದು ಕಡಿಮೆ.

ಕೈಕೆಲಸದ ಬೆಲೆಯ ಈ ಪ್ರಶ್ನೆಗೆ ದೊಡ್ಡ ಪ್ರಮಾಣದಲ್ಲಿ ಉತ್ತರ ಹುಡುಕಿದ ಜಾಗ ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿದೆ. ರಂಗನಿರ್ದೇಶಕ ಪ್ರಸನ್ನ ಅವರು 1990ರ ದಶಕದಲ್ಲಿ ಇಲ್ಲಿಯ ಹೆಂಗಸರ ಜೊತೆ ಕಟ್ಟಿದ ಚರಕ ಸಹಕಾರ ಸಂಘ. ಹತ್ತಿರದ ಹಳ್ಳಿಗಳ ಹೆಂಗಸರು ಅಲ್ಲಿ ನೂಲಿಗೆ ಬಣ್ಣ ಹಾಕುತ್ತಾರೆ, ಮಗ್ಗದಲ್ಲಿ ನೇಯುತ್ತಾರೆ, ಹೊಲಿಯುತ್ತಾರೆ. 'ದೇಸಿ' ಅಂಗಡಿಗಳಲ್ಲಿ ಆ ಬಟ್ಟೆ ಪೇಟೆಯವರಿಗೆ ಸಿಗುತ್ತದೆ. ಬಣ್ಣ ನೋಡಲೆಂದು ನಾನು ನಮ್ಮ ಮಕ್ಕಳನ್ನೂ ಅಕ್ಕನನ್ನೂ ಕರೆದುಕೊಂಡು ಹೋದೆ.

ಬಣ್ಣದ ಹಂಡೆಯ ಹತ್ತಿರ ನಿಂತಾಗ ನನ್ನ ಮೂಗಿಗೆ ಬಡಿದದ್ದು ನಮ್ಮ ಮನೆಯ ಅಂಗಳದ ವಾಸನೆ. ಅದು ಅಡಿಕೆ ಚೊಗರು. ಸುಲಿದ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿದಾಗ ಉಳಿಯುವ ಕೆಂಪು ನೀರು. ಮತ್ತೆ ಮತ್ತೆ ಬೇಯಿಸಿದಷ್ಟೂ ಗಟ್ಟಿಯಾಗುತ್ತದೆ. ಅಡಿಕೆಗೆ ಬಣ್ಣ ಬರಲೆಂದು ಸ್ವಲ್ಪ ಇಟ್ಟುಕೊಂಡು ಉಳಿದದ್ದನ್ನು ನಾವು ಚೆಲ್ಲುತ್ತಿದ್ದೆವು. ಬಟ್ಟೆಗೆ ಬಿದ್ದರೆ ಜನ್ಮದಲ್ಲಿ ಹೋಗದ ಕಲೆ ಎಂದು ಅಮ್ಮ ಬೈಯುತ್ತಿದ್ದರು. ಚರಕದಲ್ಲಿ ಆ ಹೋಗದ ಕಲೆಯೇ ಬಂಡವಾಳ. ನೂಲನ್ನು ಮೊದಲು ಚೆನ್ನಾಗಿ ಬೇಯಿಸಿ ತೊಳೆದು, ಬಣ್ಣ ಹಿಡಿಯಲೆಂದು ಪಟಿಕದ ನೀರಿನಲ್ಲಿ ನೆನೆಸಿ, ಆಮೇಲೆ ಚೊಗರಿನಲ್ಲಿ ಕುದಿಸಿದರೆ ಕೆಂಗಂದು. ಅದೇ ನೂಲಿಗೆ ತುಕ್ಕು ಕಬ್ಬಿಣ ಬೆಲ್ಲ ಸೇರಿಸಿ ಹುಳಿಬರಿಸಿದ ನೀರು ತಾಗಿದರೆ ಬೂದು, ಇನ್ನೂ ಬಿಟ್ಟರೆ ಕಪ್ಪಿನ ಹತ್ತಿರ. ದಾಳಿಂಬೆ ಸಿಪ್ಪೆಗೆ ಹಳದಿ, ಮಂಜಿಷ್ಠದ ಬೇರಿಗೆ ಕೆಂಪು, ನೀಲಿಗೆ ನೀಲಿಗಿಡ. ಇಷ್ಟನ್ನೂ ಮಕ್ಕಳಿಗೆ ವಿವರಿಸಿದವರು ಅಲ್ಲಿ ಕೆಲಸ ಮಾಡುವ ಹೆಂಗಸರು. ಎಷ್ಟು ಹೊತ್ತು ಕುದಿಸಬೇಕು, ಯಾಕೆ ಕಲಕುತ್ತಲೇ ಇರಬೇಕು, ನಿಲ್ಲಿಸಿದರೆ ನೂಲಿನಲ್ಲಿ ಮಚ್ಚೆ ಹೇಗೆ ಬೀಳುತ್ತದೆ, ಕೇಳಿದ ಪ್ರಶ್ನೆಗೆಲ್ಲ ಅವರಲ್ಲಿ ಉತ್ತರವಿತ್ತು. ನನ್ನ ವಿದ್ಯಾರ್ಥಿಗಳು ರಸಾಯನಶಾಸ್ತ್ರದ ಪುಸ್ತಕದಲ್ಲಿ ಓದಿದ್ದ ಟ್ಯಾನಿನ್ ಅಂದು ಅವರ ಕೈಬೆರಳಿಗೆ ಅಂಟಿಕೊಂಡಿತು.

ಅಕ್ಕ ಅಲ್ಲಿಯ ಹೆಂಗಸರಿಗೆ ಒಂದೇ ಪ್ರಶ್ನೆ ಕೇಳಿದರು: "ಸಂಬಳ ತಿಂಗಳಿಗೆ ಸರಿಯಾಗಿ ಬರ್ತದಾ?" ಕೈಕೆಲಸದ ಎಲ್ಲ ಚರ್ಚೆಯೂ ಬಂದು ನಿಲ್ಲಬೇಕಾದ ಪ್ರಶ್ನೆ ಅದು. 2017ರಲ್ಲಿ ಜಿಎಸ್‌ಟಿ ಬಂದಾಗ ಕೈಉತ್ಪನ್ನಗಳ ಮೇಲೆ ತೆರಿಗೆ ಬೇಡವೆಂದು ಪ್ರಸನ್ನ ಅವರು ಕರನಿರಾಕರಣೆ ಸತ್ಯಾಗ್ರಹ ಹೂಡಿ ಉಪವಾಸ ಕೂತರು. ಯಂತ್ರದ ಬಟ್ಟೆಯ ಎದುರು ಕೈಮಗ್ಗದ ಬಟ್ಟೆಯನ್ನು ಒಂದೇ ತಕ್ಕಡಿಯಲ್ಲಿ ತೂಗಬೇಡಿ ಎಂಬ ಆ ಕೇಳಿಕೆ ನ್ಯಾಯವಾದದ್ದೆಂದು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ಕಮ್ಮಟದಲ್ಲಿ ಕಲಿಯುವ ಹುರುಪು ಎಷ್ಟೇ ಇದ್ದರೂ, ಕಲಿತ ಕೆಲಸಕ್ಕೆ ಬದುಕಿನಲ್ಲಿ ಜಾಗವಿಲ್ಲದಿದ್ದರೆ ಅದು ಬೇಸಿಗೆ ರಜೆಯ ಜೊತೆಗೇ ಮುಗಿಯುತ್ತದೆ.

ಇಂಥ ಶಿಬಿರಗಳು ನಡೆಯುವುದು ಹೇಗೆ ಎಂದು ಕೇಳುವವರಿಗೆ ನಮ್ಮ ಲೆಕ್ಕ ಸರಳ. ಪ್ರತಿ ಮನೆಯಿಂದ ಅಕ್ಕಿ, ತೆಂಗಿನಕಾಯಿ, ಬೆಲ್ಲ, ಹಲಸಿನಕಾಯಿ. ಹಲಸು ಮಾವು ಇರುವ ಕಾಲದಲ್ಲಿ ಮಕ್ಕಳ ಊಟಕ್ಕೆ ಕೊರತೆ ಇಲ್ಲ. ಅಡುಗೆಗೆ ದಿನಕ್ಕೊಂದು ಕೇರಿಯವರ ಸರದಿ. ಎಲ್ಲ ಕೇರಿಯ ಮಕ್ಕಳೂ ಒಂದೇ ಸಾಲಿನಲ್ಲಿ ಬಾಳೆಲೆಗೆ ಕೂತು ಉಣ್ಣಬೇಕು ಎಂಬುದನ್ನು ಮೊದಲ ವರ್ಷವೇ ಗಟ್ಟಿಯಾಗಿ ಹೇಳಿದೆವು. ಒಂದೆರಡು ಮನೆಯವರು ಮಕ್ಕಳನ್ನು ಕಳಿಸಲಿಲ್ಲ. ಮರುವರ್ಷ ಆ ಮಕ್ಕಳೇ ಹಟ ಮಾಡಿ ಬಂದರು. ಈಗ ಆ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ಈಗಿನ ಕಷ್ಟ ಬೇರೆ. ಕಲಿತ ಹುಡುಗರು ಬೆಂಗಳೂರಿನಲ್ಲಿದ್ದಾರೆ, ಊರಲ್ಲಿ ಮಕ್ಕಳ ಸಂಖ್ಯೆಯೇ ಇಳಿದಿದೆ, ಸರ್ಕಾರಿ ಶಾಲೆಯ ಕೋಣೆಗಳು ಬೀಗ ಹಾಕಿಸಿಕೊಳ್ಳುತ್ತಿವೆ. ಅರ್ಧ ದಿನದ ಕಾರ್ಯಕ್ರಮಕ್ಕೆ ಕಮ್ಮಟವೆಂದು ಹೆಸರಿಟ್ಟು, ದೀಪ ಬೆಳಗಿ, ಫೋಟೋ ತೆಗೆದು, ಪ್ರಮಾಣಪತ್ರ ಹಂಚಿ ಮುಗಿಸುವುದೂ ಹೆಚ್ಚಾಗಿದೆ. ಅರ್ಧ ದಿನದಲ್ಲಿ ಅಕ್ಕಿ ಕೂಡ ಸರಿಯಾಗಿ ನೆನೆಯುವುದಿಲ್ಲ. ಎಳೆ ಪಳಗುವುದೆಲ್ಲಿ?

ಇಷ್ಟರ ನಡುವೆಯೂ ನಾನು ಶಿಬಿರಗಳ ಪರವಾಗಿಯೇ ಮಾತಾಡುತ್ತೇನೆ. ಏಕೆಂದರೆ ನನ್ನ ಊರಿನಲ್ಲಿ ಕಾನೂನು ಜಮೀನನ್ನು ಹಂಚಿತು, ಶಾಲೆ ಅಕ್ಷರವನ್ನು ಹಂಚಿತು, ಗೌರವವನ್ನು ಹಂಚುವ ಕೆಲಸದಲ್ಲಿ ಈ ತಾಲೀಮು, ಕಮ್ಮಟಗಳು ಕೈಜೋಡಿಸಿದವು. ಕೂಲಿಯವಳೆಂದು ಮಾತ್ರ ಗೊತ್ತಿದ್ದವರನ್ನು ಗುರುವೆಂದು ಕಾಣುವ ಕಣ್ಣನ್ನು ಒಂದು ತಲೆಮಾರಿನ ಮಕ್ಕಳಿಗೆ ಕೊಟ್ಟವು. ಆ ಮಕ್ಕಳು ಈಗ ದೊಡ್ಡವರಾಗಿ ಊರಿನ ಪಂಚಾಯ್ತಿಯಲ್ಲಿದ್ದಾರೆ, ಶಾಲೆಯ ಎಸ್‌ಡಿಎಂಸಿಯಲ್ಲಿದ್ದಾರೆ, ಯುವಕ ಮಂಡಲಿಯಲ್ಲಿದ್ದಾರೆ. ಹಬ್ಬ, ಶಿಬಿರ, ಉತ್ಸವಗಳಿಗೆ ಹಣ ಹೊಂದಿಸುವವರು ಅವರೇ.

ಅವರಲ್ಲಿ ನನ್ನ ಕೇಳಿಕೆ ಇಷ್ಟೇ. ಶಿಬಿರದ ದಿನ ಗೊತ್ತು ಮಾಡುವ ಮೊದಲು ಊರಿನ ಕೆಲಸದ ಕಾಲವನ್ನು ನೋಡಿ. ಹೊರಗಿನಿಂದ ಯಾರನ್ನು ಕರೆಸಬೇಕೆಂದು ಯೋಚಿಸುವ ಮೊದಲು ಗಾಡಿಗೆ ಕೀಲು ಕೂರಿಸುವವರು, ಬುಟ್ಟಿ ಹೆಣೆಯುವವರು, ಹಾಳೆಯಿಂದ ಟೋಪಿ ಮಾಡುವವರು, ಹಸೆ ಬರೆಯುವವರು ನಿಮ್ಮ ಕೇರಿಗಳಲ್ಲಿ ಯಾರಿದ್ದಾರೆಂದು ಮನೆಮನೆಗೆ ಹೋಗಿ ಕೇಳಿ. ಏನನ್ನು ಕಲಿಸಬಹುದು, ಏನನ್ನು ಕಲಿಸಬಾರದು ಎಂಬುದನ್ನು ಅವರೇ ಹೇಳಲಿ. ಮತ್ತು ಖರ್ಚಿನ ಪಟ್ಟಿ ಬರೆಯಲು ಕೂತಾಗ ಮೊದಲ ಸಾಲಿನಲ್ಲಿ ಅವರ ಗೌರವಧನವನ್ನು ಬರೆಯಿರಿ. ಪೆಂಡಾಲು, ಮೈಕು, ಬ್ಯಾನರು ಅದರ ಕೆಳಗೆ ಬರಲಿ.